ದಾಳಿಂಬೆ ಅಂಗಮಾರಿಗೆ ಗಿಡಮೂಲದ ಮದ್ದು: ಪೆಟ್ರಿ ತಟ್ಟೆಯಿಂದ ತೋಟದವರೆಗಿನ ದಾರಿ

ದುಂಡಾಣು ಬೆಳೆಸಿದ ಪೆಟ್ರಿ ತಟ್ಟೆಯಲ್ಲಿ ಬೆಳ್ಳುಳ್ಳಿ ರಸ ಹಾಕಿದ ಗುಳಿಯ ಸುತ್ತ ಇಪ್ಪತ್ತು ಮಿಲಿಮೀಟರ್ ದುಂಡಾಣುವಿಲ್ಲದೆ ತೆರವಾಯಿತೆಂದರೆ ಮದ್ದು ಸಿಕ್ಕೇಬಿಟ್ಟಿತು ಎಂದುಕೊಳ್ಳುವವರೇ ಹೆಚ್ಚು. ಅದೇ ರಸವನ್ನು ಮಳೆಗಾಲದಲ್ಲಿ ಕೊಪ್ಪಳದ ದಾಳಿಂಬೆ ತೋಟಕ್ಕೆ ಹೊಡೆದರೆ ಎರಡನೇ ದಿನಕ್ಕೆ ಅದರ ವಾಸನೆಯೂ ಉಳಿದಿರುವುದಿಲ್ಲ. ತಟ್ಟೆಯಲ್ಲಿ ಗೆದ್ದ ನೂರು ಸಾರಗಳಲ್ಲಿ ಎಲೆಯ ಮೇಲೆ ಗೆಲ್ಲುವುದು ಬೆರಳೆಣಿಕೆಯಷ್ಟು ಮಾತ್ರ. ಹಾಗಾಗಿ ಈ ಕೆಲಸದಲ್ಲಿ ಕಲಿಯಬೇಕಾದ ಮೊದಲ ವಿದ್ಯೆ ಹುಡುಕುವುದಲ್ಲ, ಬೇಗ ಕೈಬಿಡುವುದು. ಕೆಳಗಿನ ಹಂತಗಳನ್ನು ಅದಕ್ಕೆ ತಕ್ಕಂತೆ ಜೋಡಿಸಿದ್ದೇವೆ: ಅಗ್ಗದ ಪರೀಕ್ಷೆಗಳು ಮೊದಲು, ದುಬಾರಿಯವು ಕೊನೆಗೆ.

ಉದಾಹರಣೆಗೆ ದಾಳಿಂಬೆಯ ದುಂಡಾಣು ಅಂಗಮಾರಿಯನ್ನು ತೆಗೆದುಕೊಳ್ಳೋಣ. ಗಡಿಯಾಚೆಯ ಸೊಲ್ಲಾಪುರದ ಕಡೆ ಇದಕ್ಕೆ 'ತೇಲ್ಯಾ' ಎನ್ನುತ್ತಾರೆ, ಚುಕ್ಕೆ ಎಣ್ಣೆ ಸವರಿದ ಹಾಗೆ ಕಾಣುವುದರಿಂದ ಬಂದ ಹೆಸರು. ಭಾರತದಲ್ಲಿ ರೋಗ ಮೊದಲು ವರದಿಯಾದದ್ದು 1952ರಲ್ಲಿ, ದೆಹಲಿಯಿಂದ. ರೋಗಕಾರಕ ಕ್ಸಾಂಥೊಮೊನಾಸ್ ಕುಲದ ದುಂಡಾಣು. ಎಲೆಯ ಪತ್ರರಂಧ್ರಗಳಿಂದ, ಗಾಯಗಳಿಂದ ಒಳಹೋಗುತ್ತದೆ, ಮಳೆಹನಿ ಸಿಡಿದು ಹರಡುತ್ತದೆ, ರೋಗವಿದ್ದ ಗೂಟಿ ಸಸಿಯಲ್ಲಿ (ರೆಂಬೆಗೆ ಬೇರು ಬರಿಸಿ ಮಾಡಿದ ಸಸಿ) ಕೂತು ಜಿಲ್ಲೆಯಿಂದ ಜಿಲ್ಲೆಗೆ ಹೋಗುತ್ತದೆ. ಹಣ್ಣಿನ ಮೇಲೆ ಚುಕ್ಕೆ ಬೆಳೆದು ಸಿಪ್ಪೆ ಸೀಳಿದರೆ ಆ ಹಣ್ಣನ್ನು ಕೇಳುವವರಿಲ್ಲ.

ರೈತರ ಕೈಲಿ ಇಷ್ಟು ವರ್ಷ ಇದ್ದದ್ದು ಎರಡೇ ಅಸ್ತ್ರ: ತಾಮ್ರ ಮತ್ತು ಸ್ಟ್ರೆಪ್ಟೊಸೈಕ್ಲಿನ್. ಎರಡನೆಯದು ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಎಂಬ ಎರಡು ಆ್ಯಂಟಿಬಯೋಟಿಕ್‌ಗಳ ಮಿಶ್ರಣ. ಇವುಗಳ ಕೃಷಿ ಬಳಕೆಯನ್ನು ಹಂತಹಂತವಾಗಿ ನಿಲ್ಲಿಸುವ ಕರಡು ಆದೇಶವನ್ನು ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರ್‌ನಲ್ಲೇ ಹೊರಡಿಸಿತ್ತು. ಗಿಡಮೂಲದ ಸಂಯುಕ್ತಗಳತ್ತ ಎಲ್ಲರೂ ಹೊರಳಿ ನೋಡುತ್ತಿರುವುದಕ್ಕೆ ಇದೂ ಒಂದು ಕಾರಣ.

ಮೊದಲು ಕಾಗದದ ಮೇಲೆ ಲೆಕ್ಕ

ಪ್ರಯೋಗಾಲಯದ ಬಾಗಿಲು ತೆರೆಯುವ ಮೊದಲು ಒಂದು ಲೆಕ್ಕ ಹಾಕಿ. ಮಧ್ಯಮ ಗಾತ್ರದ ಗಿಡಗಳಿರುವ ಒಂದು ಎಕರೆಗೆ ಒಂದು ಸಿಂಪಡಣೆಗೆ ಸುಮಾರು 400 ಲೀಟರ್ ದ್ರಾವಣ ಬೇಕು ಎಂದಿಟ್ಟುಕೊಳ್ಳಿ. ನಿಮ್ಮ ಸಂಯುಕ್ತ ಲೀಟರಿಗೆ ಅರ್ಧ ಗ್ರಾಂನಲ್ಲಿ ಕೆಲಸ ಮಾಡಿದರೂ ಒಂದು ಸಲಕ್ಕೆ 200 ಗ್ರಾಂ ಶುದ್ಧ ಸಂಯುಕ್ತ ಹಿಡಿಯುತ್ತದೆ.

ಓಂಕಾಳಿನ ಎಣ್ಣೆಯಲ್ಲಿರುವ, ದುಂಡಾಣು ಕೊಲ್ಲುವ ಥೈಮಾಲ್ ಎಂಬ ಸಂಯುಕ್ತಕ್ಕೆ ಇದನ್ನು ಅನ್ವಯಿಸಿ ನೋಡಿ. ಒಳ್ಳೆಯ ಓಂಕಾಳಿನಲ್ಲಿ ಶೇ. 3ರಷ್ಟು ಎಣ್ಣೆ, ಆ ಎಣ್ಣೆಯಲ್ಲಿ ಶೇ. 45ರಷ್ಟು ಥೈಮಾಲ್ ಸಿಕ್ಕಿತೆಂದರೆ, ಒಂದು ಕಿಲೋ ಕಾಳಿನಿಂದ 30 ಗ್ರಾಂ ಎಣ್ಣೆ, ಅದರಲ್ಲಿ ಹದಿಮೂರೂವರೆ ಗ್ರಾಂ ಥೈಮಾಲ್. ಇನ್ನೂರು ಗ್ರಾಂಗೆ 15 ಕಿಲೋ ಓಂಕಾಳು. ಹಂಗಾಮಿಗೆ ಎಂಟು ಸಿಂಪಡಣೆ ಎಂದರೆ ಎಕರೆಗೆ 120 ಕಿಲೋ. ದಿನಸಿ ಅಂಗಡಿಯ ದರ ಹಿಡಿದು ನೀವೇ ಗುಣಿಸಿ. ಇನ್ನು ಶೇ. 0.1ರಷ್ಟು ಮಾತ್ರ ಇಳುವರಿ ಕೊಡುವ ಕಾಡುಗಿಡದ ಆಲ್ಕಲಾಯ್ಡ್ ಆದರೆ, ಅದೇ 200 ಗ್ರಾಂಗೆ 200 ಕಿಲೋ ಒಣಎಲೆ ಬೇಕು. ಪ್ರಬಂಧಕ್ಕೆ ಅದು ಒಳ್ಳೆಯ ವಿಷಯ, ತೋಟಕ್ಕಲ್ಲ.

ಇಲ್ಲೊಂದು ಮಾತು. ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವ ಥೈಮಾಲ್ ಹರಳು ಬಹುಪಾಲು ಓಂಕಾಳಿನದ್ದಲ್ಲ, ಮೆಟಾ-ಕ್ರೆಸಾಲ್‌ನಿಂದ ಕಾರ್ಖಾನೆಯಲ್ಲಿ ಮಾಡಿದ್ದು. ಅಣು ಒಂದೇ, ಮೂಲ ಬೇರೆ. ಸಾವಯವ ಪ್ರಮಾಣಪತ್ರದ ತೋಟಕ್ಕೆ ಮಾರುವ ಉದ್ದೇಶವಿದ್ದರೆ ಈ ವ್ಯತ್ಯಾಸ ಮೊದಲ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ.

ದುಂಡಾಣುವನ್ನು ಕೈಗೆ ತೆಗೆದುಕೊಳ್ಳುವುದು

ಹಳೆಯ, ಕಪ್ಪಾದ ಚುಕ್ಕೆಯಿಂದ ದುಂಡಾಣು ತೆಗೆಯಲು ಹೋಗಬೇಡಿ, ಬರುವುದೆಲ್ಲ ಕೊಳೆಯುಣ್ಣುವ ಜೀವಿಗಳೇ. ಮೂರ್ನಾಲ್ಕು ದಿನದ, ಇನ್ನೂ ನೀರು ತುಂಬಿದಂತೆ ಕಾಣುವ ಚುಕ್ಕೆ ಆರಿಸಿ. ಅದರ ಅಂಚನ್ನು ಬ್ಲೇಡಿನಿಂದ ಕತ್ತರಿಸಿ ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರಿನಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕತ್ತರಿಸಿದ ಅಂಚಿನಿಂದ ಹೊಗೆ ಹೊರಟಂತೆ ದುಂಡಾಣುಗಳು ಹರಿಯುವುದು ಕಾಣುತ್ತದೆ. ಹೊಗೆ ಕಾಣದಿದ್ದರೆ ಅದು ಶಿಲೀಂಧ್ರದ ಚುಕ್ಕೆ ಇರಬಹುದು. ದಾಳಿಂಬೆಯಲ್ಲಿ ಸರ್ಕೊಸ್ಪೊರಾ, ಆಂಥ್ರಾಕ್ನೋಸ್ ಚುಕ್ಕೆಗಳನ್ನು ಅಂಗಮಾರಿ ಎಂದು ತಪ್ಪಾಗಿ ಎಣಿಸುವುದು ದಿನನಿತ್ಯದ ಮಾತು.

ಚುಕ್ಕೆಯ ತುಣುಕನ್ನು ಶೇ. 1ರ ಸೋಡಿಯಂ ಹೈಪೋಕ್ಲೋರೈಟಿನಲ್ಲಿ ಅರ್ಧ ನಿಮಿಷ ಅದ್ದಿ, ಕ್ರಿಮಿಶುದ್ಧ ನೀರಿನಲ್ಲಿ ಮೂರು ಸಲ ತೊಳೆದು, ಒಂದು ಹನಿ ನೀರಿನಲ್ಲಿ ಜಜ್ಜಿ, ಆ ನೀರನ್ನು ತಟ್ಟೆಯ ಮೇಲೆ ಗೆರೆ ಎಳೆಯಿರಿ. ಮಾಧ್ಯಮ: ಲೀಟರಿಗೆ ಯೀಸ್ಟ್ ಸಾರ 10 ಗ್ರಾಂ, ಗ್ಲುಕೋಸ್ 20 ಗ್ರಾಂ, ಕ್ಯಾಲ್ಸಿಯಂ ಕಾರ್ಬೊನೇಟ್ 20 ಗ್ರಾಂ, ಮಾಧ್ಯಮವನ್ನು ಗಟ್ಟಿ ಮಾಡುವ ಅಗರ್ 15 ಗ್ರಾಂ. 28 ಡಿಗ್ರಿಯಲ್ಲಿ 48ರಿಂದ 72 ಗಂಟೆಗೆ ಹಳದಿ, ಉಬ್ಬಿದ, ಲೋಳೆಯಂಥ ಸಮೂಹಗಳು ಬರುತ್ತವೆ. 24 ಗಂಟೆಯಲ್ಲೇ ದಂಡಿಯಾಗಿ ಬೆಳೆದದ್ದು ಹೆಚ್ಚಾಗಿ ನಮ್ಮದಲ್ಲ. ಶೇ. 3ರ ಪೊಟ್ಯಾಷಿಯಂ ಹೈಡ್ರಾಕ್ಸೈಡಿನಲ್ಲಿ ಒಂದಿಷ್ಟು ಕಲಸಿ ಕಡ್ಡಿ ಎತ್ತಿದಾಗ ನೂಲಿನಂತೆ ಎಳೆ ಬಂದರೆ ಅದು ಗ್ರಾಂ ಋಣ ಗುಂಪಿನದು, ಕ್ಸಾಂಥೊಮೊನಾಸ್ ಸೇರಿದ ಗುಂಪು ಅದೇ. ಕೊನೆಯದಾಗಿ ಆರೋಗ್ಯವಂತ ಸಸಿಗೆ ಸಿಂಪಡಿಸಿ ಅದೇ ಚುಕ್ಕೆ ಬರಿಸಿ, ಅಲ್ಲಿಂದ ಅದೇ ದುಂಡಾಣುವನ್ನು ಮತ್ತೆ ತೆಗೆಯಬೇಕು. ಈ ಹಂತ ಬಿಟ್ಟು ಎರಡು ವರ್ಷ ಪ್ಯಾಂಟೋಯಿಯಾ ಎಂಬ ಬೇರೆಯೇ ಹಳದಿ ದುಂಡಾಣುವಿನ ಮೇಲೆ ಪ್ರಯೋಗ ಮಾಡಿದರೆ ಆಮೇಲೆ ಯಾರನ್ನೂ ದೂರುವಂತಿಲ್ಲ.

ಒಂದೇ ತಳಿಯ ದುಂಡಾಣು ಸಾಲದು. ಕನಿಷ್ಠ ಐದು ತೋಟಗಳಿಂದ, ಸಾಧ್ಯವಾದರೆ ವಿಜಯಪುರ, ಕೊಪ್ಪಳ, ಚಿತ್ರದುರ್ಗದಂಥ ಬೇರೆಬೇರೆ ಕಡೆಯಿಂದ ತಂದಿಟ್ಟುಕೊಳ್ಳಿ. ಶೇ. 20-30ರ ಗ್ಲಿಸರಾಲ್‌ನಲ್ಲಿ ಮೈನಸ್ 80 ಡಿಗ್ರಿಯಲ್ಲಿ ಕಾಪಿಡಿ. ಅಗರ್ ಮೇಲೆ ವಾರವಾರ ಬದಲಿಸುತ್ತ ಹೋದರೆ ಅದರ ರೋಗ ತರುವ ಶಕ್ತಿಯೇ ಇಳಿದುಹೋಗುತ್ತದೆ. ಬಳಸಿದ ತಟ್ಟೆಗಳನ್ನೆಲ್ಲ 121 ಡಿಗ್ರಿಯಲ್ಲಿ 20 ನಿಮಿಷ ಆಟೋಕ್ಲೇವ್ ಮಾಡಿಯೇ (ಒತ್ತಡದ ಹಬೆಯಲ್ಲಿ ಬೇಯಿಸಿಯೇ) ಎಸೆಯಿರಿ.

ಗಿಡ ಮತ್ತು ಸಾರ

ಕರ್ನಾಟಕದಲ್ಲಿ ಈ ದಾರಿ ಹೊಸದಲ್ಲ. ಮೈಸೂರು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಲ್ಲಿ 1990ರ ದಶಕದಲ್ಲೇ ಕ್ಸಾಂಥೊಮೊನಾಸ್ ಮೇಲೆ ಹತ್ತಾರು ಗಿಡಗಳ ಸಾರ ಪರೀಕ್ಷಿಸಿದ್ದರು. ಬಳ್ಳಾರಿ ಜಾಲಿಯ ಎಲೆ ಅಲ್ಲಿ ಗಮನ ಸೆಳೆದ ಗಿಡಗಳಲ್ಲೊಂದು. ಬಯಲುಸೀಮೆಯ ತುಂಬ ಬೇಡವೆಂದರೂ ಬೆಳೆಯುವ ಗಿಡ ಅದು, ಕಚ್ಚಾವಸ್ತುವಿನ ಕೊರತೆಯಂತೂ ಇಲ್ಲ. ಅದರ ಸತ್ವ ಇರುವುದು ಆಲ್ಕಲಾಯ್ಡ್‌ಗಳಲ್ಲಿ. ಓಂಕಾಳು, ಲವಂಗ, ದಾಲ್ಚಿನ್ನಿ, ವೀಳ್ಯದೆಲೆಗಳಲ್ಲಿ ಆವಿಯಾಗುವ ಫೀನಾಲ್ ಮತ್ತು ಆಲ್ಡಿಹೈಡ್‌ಗಳು. ಅಳಲೆಕಾಯಿ, ನೆಲ್ಲಿ, ದಾಳಿಂಬೆ ಸಿಪ್ಪೆಗಳಲ್ಲಿ ಟ್ಯಾನಿನ್. ಬೆಳ್ಳುಳ್ಳಿಯಲ್ಲಿ ಅಲಿಸಿನ್.

ಸಂಯುಕ್ತ ಯಾವ ಜಾತಿಯದೋ ಅದಕ್ಕೆ ತಕ್ಕ ಸಾರ ತೆಗೆಯುವ ವಿಧಾನ ಇರಬೇಕು. ಬೆಳ್ಳುಳ್ಳಿಯ ಎಸಳಿನಲ್ಲಿ ಅಲಿಸಿನ್ ಇರುವುದೇ ಇಲ್ಲ. ಜಜ್ಜಿದಾಗ ಅಲ್ಲಿನ ಕಿಣ್ವ ಅಲಿನ್ ಎಂಬುದನ್ನು ಅಲಿಸಿನ್ ಆಗಿ ಬದಲಿಸುತ್ತದೆ. ಇಡೀ ಎಸಳನ್ನು ಕುದಿಸಿದರೆ, ಇಲ್ಲವೇ ನೇರವಾಗಿ ಮೆಥನಾಲ್‌ಗೆ ಹಾಕಿ ಅರೆದರೆ, ಕಿಣ್ವ ಸಾಯುತ್ತದೆ, ಅಲಿಸಿನ್ ಹುಟ್ಟುವುದೇ ಇಲ್ಲ. ಆಗ "ಬೆಳ್ಳುಳ್ಳಿಗೆ ಗುಣವಿಲ್ಲ" ಎಂದು ಬರೆದುಬಿಡುತ್ತಾರೆ. ಓಂಕಾಳನ್ನು ತಿಳಿಯದೆ ಮೆಥನಾಲ್‌ನಲ್ಲಿ ನೆನೆಸಿ, ರೋಟರಿ ಯಂತ್ರದಲ್ಲಿ ದ್ರಾವಕ ಆವಿ ಮಾಡುವವರೂ ಇದ್ದಾರೆ. ದ್ರಾವಕದ ಜೊತೆ ಎಣ್ಣೆಯ ಒಂದು ಪಾಲೂ ಹೊರಟುಹೋಗುತ್ತದೆ. ಅದಕ್ಕೆ ನೀರಿನಲ್ಲಿ ಕುದಿಸಿ ಎಣ್ಣೆಯನ್ನು ಬಟ್ಟಿ ಇಳಿಸುವ ಕ್ಲೆವೆಂಜರ್ ಉಪಕರಣವೇ ಸರಿ: 100 ಗ್ರಾಂ ಒರಟಾಗಿ ಪುಡಿಮಾಡಿದ ಕಾಳು, ಒಂದು ಲೀಟರ್ ನೀರು, ಕುದಿ ಹತ್ತಿದ ಮೇಲೆ ಮೂರು ಗಂಟೆ. ಬಂದ ಎಣ್ಣೆಯ ತೇವವನ್ನು ನಿರ್ಜಲ ಸೋಡಿಯಂ ಸಲ್ಫೇಟಿನಿಂದ ಹೀರಿ, ಕಂದು ಸೀಸೆಯಲ್ಲಿ ಫ್ರಿಜ್‌ನಲ್ಲಿಡಿ. ಚಳಿಯಲ್ಲಿ ಸೀಸೆಯ ತಳದಲ್ಲಿ ಸೂಜಿಯಂಥ ಹರಳು ಕೂತರೆ ಕೆಟ್ಟಿತೆಂದು ಗಾಬರಿಯಾಗಬೇಡಿ, ಅದೇ ಥೈಮಾಲ್. ಕೈಬಿಸಿಗಿಂತ ಸ್ವಲ್ಪ ಹೆಚ್ಚು ಶಾಖ ಕೊಟ್ಟರೆ ಕರಗುತ್ತದೆ.

ಆವಿಯಾಗದ ಸಂಯುಕ್ತಗಳಿಗೆ ಸಾಮಾನ್ಯ ಕ್ರಮ: ಎಲೆಯನ್ನು ನೆರಳಿನಲ್ಲಿ ಏಳರಿಂದ ಹತ್ತು ದಿನ ಒಣಗಿಸಿ. ಬಿಸಿಲು ಬೇಡ, ಓವನ್ ಆದರೆ 40 ಡಿಗ್ರಿ ಮೀರಬಾರದು. 40 ಮೆಷ್ ಜರಡಿಯಲ್ಲಿ ಇಳಿಯುವಷ್ಟು ಪುಡಿ ಮಾಡಿ. 100 ಗ್ರಾಂ ಪುಡಿಗೆ ಒಂದು ಲೀಟರ್ ಹೆಕ್ಸೇನ್ ಹಾಕಿ 24 ಗಂಟೆ ಅಲುಗಿಸಿ, ಸೋಸಿ. ಅದೇ ಚರಟವನ್ನು ಒಣಗಿಸಿ ಈಥೈಲ್ ಅಸಿಟೇಟ್, ನಂತರ ಮೆಥನಾಲ್, ಕೊನೆಗೆ ನೀರು. ಒಂದೊಂದನ್ನೂ 40 ಡಿಗ್ರಿಯೊಳಗೆ ಆವಿ ಮಾಡಿ ತೂಗಿ ಬರೆದಿಡಿ. ಈ ತೂಕಗಳಿಲ್ಲದೆ ಮುಂದೆ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಗಿಡದ ಒಂದು ಕೊಂಬೆಯನ್ನು ಹೂವಿನ ಸಮೇತ ಒತ್ತಿ ಹರ್ಬೇರಿಯಂ ಹಾಳೆ ಮಾಡಿಡುವುದನ್ನೂ ಮರೆಯಬೇಡಿ. ಎಲ್ಲಿ, ಯಾವ ತಿಂಗಳು ಕಿತ್ತದ್ದು ಎಂಬುದು ಬೇಕು, ಏಕೆಂದರೆ ಒಂದೇ ಗಿಡದ ಸತ್ವ ಆಷಾಢದಲ್ಲಿ ಒಂದು, ಬೇಸಿಗೆಯಲ್ಲಿ ಒಂದು.

ತಟ್ಟೆ ಹೇಳುವ ಸುಳ್ಳುಗಳು

ಗುಳಿ ಪರೀಕ್ಷೆ ಎಲ್ಲರಿಗೂ ಗೊತ್ತು: ದುಂಡಾಣು ಹರಡಿದ ಅಗರಿನಲ್ಲಿ 6 ಮಿ.ಮೀ. ಗುಳಿ, 50 ಮೈಕ್ರೋಲೀಟರ್ ಸಾರ, 28 ಡಿಗ್ರಿಯಲ್ಲಿ 48 ಗಂಟೆ. ಇದನ್ನು ಇದೆ-ಇಲ್ಲ ಎನ್ನುವುದಕ್ಕೆ ಮಾತ್ರ ಬಳಸಿ. ವಲಯದ ಅಗಲ ನೋಡಿ ಎರಡು ಸಾರಗಳನ್ನು ಹೋಲಿಸುವುದು ಸರಿಯಲ್ಲ. ನೀರಿನಲ್ಲಿ ಕರಗುವುದು ಅಗರಿನಲ್ಲಿ ಸರಾಗ ಹರಿದು ದೊಡ್ಡ ವಲಯ ಕೊಡುತ್ತದೆ. ಎಣ್ಣೆಯ ಗುಣದ್ದು ಗುಳಿಯಲ್ಲೇ ಕುಳಿತು ಸಣ್ಣ ವಲಯ ಕೊಡುತ್ತದೆ, ಎರಡನೆಯದು ಹತ್ತುಪಟ್ಟು ಪ್ರಬಲವಾಗಿದ್ದರೂ.

ಇನ್ನೂ ಮೂರು ಮೋಸಗಳಿವೆ. ಹುಣಸೆ, ಮುರುಗಲ, ನಿಂಬೆಯ ಸಾರಗಳ ಹುಳಿಯೇ ದುಂಡಾಣುವನ್ನು ತಡೆಯುತ್ತದೆ. ರಸಸಾರವನ್ನು (ಪಿಎಚ್) 7ಕ್ಕೆ ತಂದು ಮತ್ತೊಮ್ಮೆ ನೋಡಿ. ಟ್ಯಾನಿನ್ ಎದುರಿಗೆ ಬಂದ ಪ್ರೋಟೀನನ್ನೆಲ್ಲ ಹಿಡಿದು ಗಟ್ಟಿ ಮಾಡುತ್ತದೆ. ತಟ್ಟೆಯಲ್ಲಿ ಭರ್ಜರಿ ಕೆಲಸ, ತೋಟದಲ್ಲಿ ಎಲೆಯ ಮೇಲೆ ಕಂದು ಕಲೆ. ಸಾರಕ್ಕೆ ಪಾಲಿವಿನೈಲ್ ಪಾಲಿಪಿರೋಲಿಡೋನ್ ಪುಡಿ ಸೇರಿಸಿ ಟ್ಯಾನಿನ್ ತೆಗೆದ ಮೇಲೂ ಗುಣ ಉಳಿದರೆ ಮಾತ್ರ ಮುಂದಕ್ಕೆ ಹೋಗಿ. ಮೂರನೆಯದು ದ್ರಾವಕ: ಸಾರ ಕರಗಿಸಲು ಬಳಸುವ ಡಿಎಂಎಸ್‌ಒ (ಡೈಮೀಥೈಲ್ ಸಲ್ಫಾಕ್ಸೈಡ್) ಒಂದನ್ನೇ ಅಷ್ಟೇ ಪ್ರಮಾಣದಲ್ಲಿ ಹಾಕಿದ ಗುಳಿ ಪ್ರತಿ ತಟ್ಟೆಯಲ್ಲೂ ಇರಲೇಬೇಕು.

ಕನಿಷ್ಠ ತಡೆ ಪ್ರಮಾಣ

ದುಂಡಾಣು ಬೆಳೆಯದಂತೆ ತಡೆಯಲು ಕನಿಷ್ಠ ಎಷ್ಟು ಸಾರ ಬೇಕು ಎಂಬುದರ ನಿಜವಾದ ಅಳತೆ 96 ಗುಳಿಯ ತಟ್ಟೆಯಲ್ಲಿ. ಕ್ರಮವನ್ನು ಬಿಡಿಸಿ ಹೇಳುತ್ತೇವೆ, ಏಕೆಂದರೆ ಎಡವುವುದು ಇಲ್ಲಿಯೇ.

ಸಾರದ ಮೂಲ ದ್ರಾವಣ ಮಿ.ಲೀ.ಗೆ 100 ಮಿ.ಗ್ರಾಂ, ಡಿಎಂಎಸ್‌ಒದಲ್ಲಿ. ಇದರ 40 ಮೈಕ್ರೋಲೀಟರ್‌ಗೆ 960 ಮೈಕ್ರೋಲೀಟರ್ ದ್ರವ ಮಾಧ್ಯಮ ಸೇರಿಸಿದರೆ ಮಿ.ಲೀ.ಗೆ 4 ಮಿ.ಗ್ರಾಂ ಆಗುತ್ತದೆ. ಎರಡರಿಂದ ಹತ್ತನೇ ಗುಳಿಯವರೆಗೆ 100 ಮೈಕ್ರೋಲೀಟರ್ ಬರೀ ಮಾಧ್ಯಮ ತುಂಬಿ. ಮೊದಲ ಗುಳಿಗೆ ಸಾರದ ದ್ರಾವಣ 200. ಅಲ್ಲಿಂದ 100 ತೆಗೆದು ಎರಡನೆಯದಕ್ಕೆ, ಚೆನ್ನಾಗಿ ಕಲಸಿ ಅಲ್ಲಿಂದ 100 ಮೂರನೆಯದಕ್ಕೆ, ಹೀಗೆ ಹತ್ತರವರೆಗೆ; ಹತ್ತರಿಂದ ತೆಗೆದ 100 ಚೆಲ್ಲಿ. ಈಗ ಪ್ರತಿ ಗುಳಿಗೂ ಮಿ.ಲೀ.ಗೆ 10 ಲಕ್ಷ ಕೋಶಗಳಿರುವ ದುಂಡಾಣು ದ್ರಾವಣ 100 ಮೈಕ್ರೋಲೀಟರ್. ಎಲ್ಲವೂ ಅರ್ಧಕ್ಕಿಳಿಯುತ್ತದೆ: ಕೋಶಗಳು 5 ಲಕ್ಷ, ಸಾರ ಮೊದಲ ಗುಳಿಯಲ್ಲಿ 2 ಮಿ.ಗ್ರಾಂ, ಮುಂದೆ 1, 0.5, 0.25, 0.125... ಮೊದಲ ಗುಳಿಯಲ್ಲಿ ಡಿಎಂಎಸ್‌ಒ ಶೇ. 2. ಹನ್ನೊಂದನೆಯದು ಸಾರವಿಲ್ಲದೆ ಶೇ. 2 ಡಿಎಂಎಸ್‌ಒ ಮತ್ತು ದುಂಡಾಣು, ಹನ್ನೆರಡನೆಯದು ಬರೀ ಮಾಧ್ಯಮ. ಕೋಶಗಳ ಸಂಖ್ಯೆಯನ್ನು 600 ನ್ಯಾನೋಮೀಟರ್ ಬೆಳಕಿನಲ್ಲಿ ಕದಡು ಅಳೆಯುವ ಯಂತ್ರದ ಓದಿಕೆಯಿಂದ ಅಂದಾಜಿಸಿದರೂ, ನಿಮ್ಮ ಯಂತ್ರದಲ್ಲಿ ಎಷ್ಟು ಓದಿಕೆಗೆ ಎಷ್ಟು ಕೋಶ ಎಂಬುದನ್ನು ಒಮ್ಮೆ ತಟ್ಟೆಯಲ್ಲಿ ಎಣಿಸಿ ಖಚಿತ ಮಾಡಿಕೊಳ್ಳಿ. ಕ್ಸಾಂಥೊಮೊನಾಸ್‌ನ ಲೋಳೆ ಈ ಓದಿಕೆಯನ್ನು ಕೆಡಿಸುತ್ತದೆ.

ಸಾರ ಹಸಿರಾಗಿದ್ದರೆ ಕಣ್ಣಿಗೆ ಕದಡು ತಿಳಿಯುವುದಿಲ್ಲ. ಅದಕ್ಕೇ 48 ಗಂಟೆಯ ನಂತರ ಶೇ. 0.02ರ ರೆಸಾಜುರಿನ್ ಎಂಬ ನೀಲಿ ಬಣ್ಣ 30 ಮೈಕ್ರೋಲೀಟರ್ ಹಾಕಿ ಎರಡರಿಂದ ನಾಲ್ಕು ಗಂಟೆ ಬಿಡಿ. ದುಂಡಾಣು ಬದುಕಿದ್ದಲ್ಲಿ ನೀಲಿ ಗುಲಾಬಿಯಾಗುತ್ತದೆ. ನೀಲಿಯಾಗಿಯೇ ಉಳಿದ ಅತಿ ಕಡಿಮೆ ಪ್ರಮಾಣವೇ ಕನಿಷ್ಠ ತಡೆ ಪ್ರಮಾಣ. ಆದರೆ ಫೀನಾಲ್ ತುಂಬಿದ ಸಾರ ದುಂಡಾಣುವಿಲ್ಲದೆಯೂ ಬಣ್ಣ ಬದಲಿಸಬಲ್ಲದು. ಆದ್ದರಿಂದ ಸಾರ ಮಾತ್ರ ಇರುವ ಒಂದು ಸಾಲನ್ನೂ ಇಡಿ. ನೀಲಿ ಗುಳಿಗಳಿಂದ ತೆಗೆದು ಅಗರ್ ಮೇಲೆ ಹರಡಿದಾಗ 1000ಕ್ಕೆ 999 ಕೋಶ ಸತ್ತಿದ್ದರೆ ಅದು ಕೊಲ್ಲುವ ಪ್ರಮಾಣ. ಇದು ತಡೆ ಪ್ರಮಾಣದ ನಾಲ್ಕು ಪಟ್ಟಿನೊಳಗೆ ಇದ್ದರೆ ಸಂಯುಕ್ತ ಕೊಲ್ಲುತ್ತದೆ ಎನ್ನಬಹುದು, ಇಲ್ಲದಿದ್ದರೆ ಬೆಳವಣಿಗೆಯನ್ನು ತಡೆದು ಹಿಡಿಯುತ್ತದೆ ಅಷ್ಟೆ.

ಸುವಾಸನಾ ಎಣ್ಣೆಗಳಿಗೆ ಎರಡು ಕಿವಿಮಾತು. ಎಣ್ಣೆ ನೀರಿನಲ್ಲಿ ಬೇರ್ಪಡದಿರಲು ಮಾಧ್ಯಮಕ್ಕೆ ಶೇ. 0.15 ಅಗರ್ ಸೇರಿಸಿ. ಅದಕ್ಕೆ ಬಳಸುವ ಟ್ವೀನ್ (ಎಣ್ಣೆಯನ್ನು ನೀರಿನಲ್ಲಿ ಬೆರೆಸುವ ಸಾಬೂನಿನಂಥ ವಸ್ತು) ಹೆಚ್ಚಾದರೆ ಎಣ್ಣೆಯನ್ನೇ ಬಂಧಿಸಿ ಗುಣ ಕುಗ್ಗಿಸುತ್ತದೆ. ಮತ್ತೆ, ಥೈಮಾಲ್‌ನ ಆವಿ ಪಕ್ಕದ ಗುಳಿಗೂ ಹೋಗುತ್ತದೆ. ದ್ರಾವಕ ಮಾತ್ರ ಇದ್ದ ಗುಳಿಯಲ್ಲೂ ದುಂಡಾಣು ಬೆಳೆಯದೆ ತಲೆ ಕೆಡಿಸಿಕೊಂಡವರು ಬಹಳ. ಆ ಗುಳಿಗಳನ್ನು ಬೇರೆ ತಟ್ಟೆಯಲ್ಲಿಡಿ, ಅಂಟುಹಾಳೆಯಿಂದ ಮುಚ್ಚಿ.

ನಮ್ಮ ಗೆರೆ ಹೀಗಿದೆ: ಮಿ.ಲೀ.ಗೆ ಕಚ್ಚಾ ಸಾರ 1 ಮಿ.ಗ್ರಾಂನೊಳಗೆ, ಎಣ್ಣೆ ಅಥವಾ ಶುದ್ಧ ಸಂಯುಕ್ತ 0.25 ಮಿ.ಗ್ರಾಂನೊಳಗೆ ತಡೆಯದಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ತೋಟದಲ್ಲಿ ಇದರ ಐದರಿಂದ ಹತ್ತು ಪಟ್ಟು ಬೇಕಾಗುತ್ತದೆ, ಆಗ ಮೊದಲು ಹಾಕಿದ ಓಂಕಾಳಿನ ಲೆಕ್ಕ ತಲೆಕೆಳಗಾಗುತ್ತದೆ.

ಒಂದು ವಿನಾಯಿತಿ ಇದೆ. ಕೆಲವು ಸಾರಗಳು ದುಂಡಾಣುವನ್ನು ಮುಟ್ಟುವುದೇ ಇಲ್ಲ, ಗಿಡದ ಸ್ವಂತ ರಕ್ಷಣೆಯನ್ನು ಎಬ್ಬಿಸುತ್ತವೆ. ಅಮೆರಿಕದಲ್ಲಿ ರಿಗೇಲಿಯಾ ಹೆಸರಿನಲ್ಲಿ ಮಾರಾಟವಾಗುವ ರೆನೂಟ್ರಿಯಾ ಗಿಡದ ಸಾರ ಈ ಬಗೆಯದು. ಅಂಥ ಸಾರ ತಟ್ಟೆಯಲ್ಲಿ ಸೊನ್ನೆ. ಜಾನಪದ ಬಳಕೆ ಗಟ್ಟಿಯಾಗಿರುವ ಒಂದೆರಡು ಗಿಡಗಳನ್ನು ತಟ್ಟೆಯಲ್ಲಿ ಸೋತರೂ ಕುಂಡದ ಪರೀಕ್ಷೆಗೆ ಕಳಿಸಿ ನೋಡುವುದು ನ್ಯಾಯ.

ಯಾವ ಸಂಯುಕ್ತ?

ಸಿಲಿಕಾ ತೆಳುಪದರದ ತಟ್ಟೆಯ ಮೇಲೆ ಸಾರವನ್ನು ಹೆಕ್ಸೇನ್-ಈಥೈಲ್ ಅಸಿಟೇಟ್ 7:3ರಲ್ಲಿ ಓಡಿಸಿದರೆ ಅದರ ಸಂಯುಕ್ತಗಳು ಬೇರೆಬೇರೆ ಪಟ್ಟಿಗಳಾಗುತ್ತವೆ; ದ್ರಾವಕ ಪೂರ್ತಿ ಆರಿದ ಮೇಲೆ ದುಂಡಾಣು ಬೆರೆಸಿದ ಮೆತ್ತನೆಯ ಅಗರ್ ಸುರಿಯಿರಿ. ಮರುದಿನ, ಬದುಕಿದ ದುಂಡಾಣು ಇದ್ದಲ್ಲಿ ನೇರಳೆಯಾಗುವ ಎಂಟಿಟಿ ಬಣ್ಣ ಸಿಂಪಡಿಸಿದರೆ ನೇರಳೆ ಹಿನ್ನೆಲೆಯಲ್ಲಿ ಬಿಳಿ ಮಚ್ಚೆ ಎಲ್ಲಿ ಉಳಿಯಿತೋ ಅಲ್ಲಿದೆ ಸತ್ವ. ಆ ಪಟ್ಟಿಯನ್ನು ಸಿಲಿಕಾ ಸ್ತಂಭದಲ್ಲಿ ಬೇರ್ಪಡಿಸಿ, ಪ್ರತಿ ಪಾಲಿನ ತೂಕವನ್ನೂ ತಡೆ ಪ್ರಮಾಣವನ್ನೂ ಬರೆಯಿರಿ. ಬೇರ್ಪಡಿಸುತ್ತ ಹೋದಂತೆ ಗುಣ ಹೆಚ್ಚುವ ಬದಲು ಮಾಯವಾದರೆ, ಎಲ್ಲ ಪಾಲುಗಳನ್ನೂ ಮೂಲ ಅನುಪಾತದಲ್ಲಿ ಮತ್ತೆ ಕೂಡಿಸಿ ನೋಡಿ. ಗುಣ ಮರಳಿದರೆ ಎರಡು ಸಂಯುಕ್ತಗಳು ಜೊತೆಯಾಗಿ ದುಡಿಯುತ್ತಿವೆ ಎಂದರ್ಥ, ಆಗ ಶುದ್ಧೀಕರಣದ ಗೋಜು ಬಿಟ್ಟು ಸಾರವನ್ನೇ ಪ್ರಮಾಣೀಕರಿಸುವುದು ಜಾಣತನ.

ಸಂಯುಕ್ತಗಳನ್ನು ಬೇರ್ಪಡಿಸಿ ಗುರುತಿಸುವ ಜಿಸಿ-ಎಂಎಸ್ ಯಂತ್ರ ಕೊಟ್ಟ ಪಟ್ಟಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಅದರಲ್ಲಿ ಡೈಬ್ಯುಟೈಲ್ ಥ್ಯಾಲೇಟ್ ಕಂಡರೆ ಅದು ಬಹುಮಟ್ಟಿಗೆ ಗಿಡದ್ದಲ್ಲ, ನಿಮ್ಮ ಪ್ಲಾಸ್ಟಿಕ್ ಬಾಟಲಿಯದ್ದು. ಪಾಮಿಟಿಕ್ ಆಮ್ಲ ಯಾವ ಎಲೆಯಲ್ಲಾದರೂ ಇದ್ದೇ ಇರುತ್ತದೆ. ಇವೆರಡನ್ನೇ ಹೊಸ ಮದ್ದೆಂದು ಸಾರುವ ಪ್ರಬಂಧಗಳಿಗೆ ಲೆಕ್ಕವಿಲ್ಲ.

ಎಲೆ ಸುಡುತ್ತದೆಯೇ?

ಲವಂಗದ ಎಣ್ಣೆಯನ್ನು ಕಳೆನಾಶಕವಾಗಿಯೂ ಮಾರುತ್ತಾರೆ ಎಂಬುದನ್ನು ನೆನಪಿಟ್ಟುಕೊಂಡೇ ಈ ಹಂತಕ್ಕೆ ಬನ್ನಿ. ದುಂಡಾಣುವಿನ ಪೊರೆ ಒಡೆಯುವ, ಲವಂಗದ ಯುಜೆನಾಲ್ ಎಲೆಯ ಕೋಶದ ಪೊರೆಯನ್ನೂ ಒಡೆಯುತ್ತದೆ. ಲೀಟರಿಗೆ 0.5, 1, 2, 4 ಗ್ರಾಂನಂತೆ ಎಳೆಯ ಚಿಗುರು, ಬಲಿತ ಎಲೆ, ಹೂ, ನಿಂಬೆ ಗಾತ್ರದ ಕಾಯಿ ಈ ನಾಲ್ಕಕ್ಕೂ ಬೇರೆಬೇರೆಯಾಗಿ ಹೊಡೆಯಿರಿ. ಒಂದು ಸಲ ಬೆಳಗ್ಗೆ, ಒಂದು ಸಲ ಬೇಕೆಂದೇ ನಡುಹಗಲ ಬಿಸಿಲಿನಲ್ಲಿ. 24, 48, 72 ಗಂಟೆಗೂ ಏಳನೇ ದಿನಕ್ಕೂ ನೋಡಿ. ಚಿಗುರಿನ ತುದಿ ಕರಕಲಾಗುವುದು ಬೇಗ ಕಾಣುತ್ತದೆ. ಕಾಯಿಯ ಸಿಪ್ಪೆ ಒರಟಾಗುವುದು ಮೂರ್ನಾಲ್ಕು ವಾರದ ನಂತರ ಕಾಣುತ್ತದೆ, ಭಗವಾ ತಳಿಯ ದಾಳಿಂಬೆಯ ಬೆಲೆ ಬೀಳುವುದು ಅದರಿಂದಲೇ. ತೋಟದ ಪ್ರಮಾಣದ ಎರಡು ಪಟ್ಟು ಹೊಡೆದರೂ ಸುಡದಿದ್ದರೆ ಮಾತ್ರ ಮುಂದಕ್ಕೆ. ಕೂಲಿಯವರು ಕೆಲವೊಮ್ಮೆ ಒಂದೇ ಗಿಡಕ್ಕೆ ಎರಡು ಸಲ ಹೊಡೆಯುತ್ತಾರೆ ಎಂಬುದು ತೋಟದ ವಾಸ್ತವ.

ಸಿಂಪಡಿಸುವ ರೂಪ

ಥೈಮಾಲ್ ನೀರಿನಲ್ಲಿ ಲೀಟರಿಗೆ ಒಂದು ಗ್ರಾಂ ಕೂಡ ಸರಿಯಾಗಿ ಕರಗದು. ಆರಂಭಕ್ಕೆ ಒಂದು ಪಾಕ: ಥೈಮಾಲ್ 10 ಗ್ರಾಂ, ಹೊಂಗೆ ಅಥವಾ ಸೋಯಾ ಎಣ್ಣೆಯ ಮೀಥೈಲ್ ಎಸ್ಟರ್ 70 ಗ್ರಾಂ, ಎಮಲ್ಸಿಫೈಯರ್ (ಎಣ್ಣೆ-ನೀರನ್ನು ಬೆರೆಸುವ ವಸ್ತು) 20 ಗ್ರಾಂ. ಎಮಲ್ಸಿಫೈಯರ್‌ನಲ್ಲಿ ಟ್ವೀನ್ 80 ಏಳು ಪಾಲು, ಸ್ಪ್ಯಾನ್ 80 ಮೂರು ಪಾಲು. ಮೊದಲ ಎರಡನ್ನು ಬೆಚ್ಚಗೆ ಮಾಡಿ ಹರಳು ಪೂರ್ತಿ ಕರಗಿದ ಮೇಲೆ ಎಮಲ್ಸಿಫೈಯರ್ ಸೇರಿಸಿ. ಲೀಟರಿಗೆ ಹತ್ತು ಗ್ರಾಂ ಈ ಪಾಕ ಹಾಕಿದರೆ ಒಂದು ಗ್ರಾಂ ಥೈಮಾಲ್ ಆಯಿತು.

ಈಗ ಜಾಡಿ ಪರೀಕ್ಷೆ. 5 ಮಿ.ಲೀ. ಪಾಕವನ್ನು 95 ಮಿ.ಲೀ. ಗಡಸು ನೀರಿಗೆ ಸುರಿಯಿರಿ. ಸುರಿದ ಕೂಡಲೇ ಹಾಲು ಹರಡಿದಂತೆ ಬಿಳಿ ಮೋಡ ತಾನಾಗಿಯೇ ಹಬ್ಬಬೇಕು. ಹನಿ ಹನಿಯಾಗಿ ತಳಕ್ಕೆ ಇಳಿದರೆ ಎಮಲ್ಸಿಫೈಯರ್ ಸಾಲದು. ಒಂದು ಗಂಟೆ ಬಿಟ್ಟು ನೋಡಿದಾಗ ಮೇಲಿನ ಕೆನೆ ಅಥವಾ ತಳದ ಗಸಿ 2 ಮಿ.ಲೀ. ಮೀರಬಾರದು. ಜಾಡಿಯ ಗೋಡೆಗೆ ಸಣ್ಣ ಸೂಜಿಗಳು ಅಂಟಿಕೊಂಡಿದ್ದರೆ ಥೈಮಾಲ್ ಹೊರಬಿದ್ದಿದೆ, ತೋಟದಲ್ಲಿ ಅದೇ ಸೂಜಿಗಳು ನಾಝಲ್ ಜರಡಿ ಕಟ್ಟುತ್ತವೆ. ಗಡಸು ನೀರನ್ನು ಪ್ರಮಾಣದಂತೆ ಮಾಡಲು ಲೀಟರಿಗೆ ನಿರ್ಜಲ ಕ್ಯಾಲ್ಸಿಯಂ ಕ್ಲೋರೈಡ್ 0.304 ಗ್ರಾಂ, ಆರು ನೀರಿನ ಮೆಗ್ನೀಷಿಯಂ ಕ್ಲೋರೈಡ್ 0.139 ಗ್ರಾಂ, ಗಡಸುತನ 342 ಪಿಪಿಎಂ ಬರುತ್ತದೆ. ಬಯಲುಸೀಮೆಯ ಕೆಲವು ಬೋರ್‌ವೆಲ್ ನೀರು ಇದಕ್ಕಿಂತಲೂ ಗಡಸು. ಅಂಥ ತೋಟದ ನೀರನ್ನೇ ಒಂದು ಕ್ಯಾನ್ ತಂದು ಪರೀಕ್ಷಿಸುವುದು ಇನ್ನೂ ಒಳ್ಳೆಯದು.

ಬಾಳಿಕೆಗೆ 54 ಡಿಗ್ರಿಯಲ್ಲಿ 14 ದಿನ, 0 ಡಿಗ್ರಿಯಲ್ಲಿ 7 ದಿನ ಇಟ್ಟು ಥೈಮಾಲ್ ಪ್ರಮಾಣವನ್ನು ಮತ್ತೆ ಅಳೆಯಿರಿ. ಮೈಲುತುತ್ತ ಮತ್ತು ಸುಣ್ಣದ ಬೋರ್ಡೊ ದ್ರಾವಣದ ಜೊತೆ ಒಂದೇ ಟ್ಯಾಂಕಿನಲ್ಲಿ ಬೆರೆಸಬೇಡಿ, ಸುಣ್ಣದ ಕ್ಷಾರಕ್ಕೆ ಗಿಡಮೂಲದ ಹಲವು ಸಂಯುಕ್ತಗಳು ಮುರಿಯುತ್ತವೆ, ಎಮಲ್ಷನ್ನೂ ಒಡೆಯುತ್ತದೆ. ಸಂಜೆ ಹೊಡೆದರೆ ಬಿಸಿಲಿನ ಏಟೂ ಕಡಿಮೆ, ಆವಿಯಾಗುವುದೂ ಕಡಿಮೆ.

ಕುಂಡ, ಆಮೇಲೆ ತೋಟ

ಕುಂಡದ ಪರೀಕ್ಷೆಗೆ ರೋಗವಿಲ್ಲದ ಮೂರ್ನಾಲ್ಕು ತಿಂಗಳ ಸಸಿ. ಮಿ.ಲೀ.ಗೆ 10 ಕೋಟಿ ಕೋಶಗಳ ದ್ರಾವಣವನ್ನು ಎಲೆಯ ಅಡಿಭಾಗಕ್ಕೆ ಬೀಳುವಂತೆ ಸಿಂಪಡಿಸಿ, ಅದಕ್ಕೆ ಮೊದಲು ಒಂದು ದಿನ, ಆಮೇಲೆ ಎರಡು ದಿನ ಪಾಲಿಥೀನ್ ಚೀಲ ಮುಚ್ಚಿ ತೇವ ಕಾಯ್ದುಕೊಳ್ಳಿ. ಒಂದು ಗುಂಪಿಗೆ ಮದ್ದು ಹಿಂದಿನ ದಿನ, ಇನ್ನೊಂದಕ್ಕೆ ಮರುದಿನ. ಎರಡು ವಾರಕ್ಕೆ ಚುಕ್ಕೆ ಎಣಿಸಿ. ಹಿಂದಿನ ದಿನ ಹೊಡೆದದ್ದು ಗೆದ್ದು ಮರುದಿನ ಹೊಡೆದದ್ದು ಸೋಲುವುದೇ ಸಾಮಾನ್ಯ, ಒಳಗೆ ಹೋದ ದುಂಡಾಣುವನ್ನು ಮೇಲ್ಮೈಯ ಮದ್ದು ಮುಟ್ಟಲಾರದು. ಇದನ್ನು ಲೇಬಲ್‌ನಲ್ಲಿ ಮುಚ್ಚಿಡದೆ ಬರೆಯಬೇಕು. ಥೈಮಾಲ್ ಇಲ್ಲದ ಬರೀ ಪಾಕವನ್ನು ಹೊಡೆದ ಗುಂಪೂ ಇರಲಿ. ಎಷ್ಟೋ ಸಲ ಹೊಂಗೆ ಎಣ್ಣೆಯ ಪದರವೇ ಅರ್ಧ ಕೆಲಸ ಮಾಡಿರುತ್ತದೆ, ಹೆಸರು ಥೈಮಾಲ್‌ಗೆ ಬರುತ್ತದೆ.

ತೋಟದಲ್ಲಿ ದುಂಡಾಣುವನ್ನು ನೀವಾಗಿ ಹರಡುವಂತಿಲ್ಲ. ಹಿಂದಿನ ವರ್ಷ ರೋಗ ಬಂದ ತೋಟವನ್ನು ಆರಿಸಿ, ಮಳೆಗಾಲದ ಬಹಾರಿನಲ್ಲಿ (ಹೂ ಬಿಡಿಸುವ ಹಂಗಾಮಿನಲ್ಲಿ) ಪ್ರಯೋಗ ಹಾಕಿ. ಆರು ಉಪಚಾರ: ನೀರು, ಥೈಮಾಲ್ ಇಲ್ಲದ ಬರೀ ಪಾಕ, ಥೈಮಾಲ್ ಲೀಟರಿಗೆ 0.5 ಗ್ರಾಂ, ಲೀಟರಿಗೆ 1 ಗ್ರಾಂ, ಶೇ. 1ರ ಬೋರ್ಡೊ, ಹಾಗೂ ಬೋರ್ಡೊ ಮತ್ತು ಥೈಮಾಲ್ ಒಂದಾದ ಮೇಲೊಂದು. ನಾಲ್ಕು ಪುನರಾವರ್ತನೆ, ಪ್ರತಿ ಘಟಕಕ್ಕೆ ನಾಲ್ಕು ಗಿಡ, ಒಟ್ಟು 96. ನಡುವೆ ಒಂದು ಸಾಲು ಕಾವಲು ಗಿಡ ಬಿಡಿ, ಇಲ್ಲದಿದ್ದರೆ ಗಾಳಿಗೆ ಹಾರಿದ ದ್ರಾವಣ ನೀರಿನ ಗಿಡಕ್ಕೂ ತಾಗುತ್ತದೆ. ಎಲ್ಲ ಗಿಡಗಳನ್ನೂ ಒಂದೇ ದಿನ ಚಾಟನಿ (ರೆಂಬೆ ಸವರುವುದು) ಮಾಡಿ, ಕತ್ತರಿಯನ್ನು ಪ್ರತಿ ಗಿಡಕ್ಕೂ ಹೈಪೋಕ್ಲೋರೈಟಿನಲ್ಲಿ ಅದ್ದಿ, ಉದುರಿದ ಎಲೆ ಆರಿಸಿ ಸುಡಿ. ಸಿಂಪಡಣೆ ಚಿಗುರು ಒಡೆದಾಗಿನಿಂದಲೇ, ಚುಕ್ಕೆ ಕಂಡ ಮೇಲಲ್ಲ.

ಹಣ್ಣಿನ ರೋಗವನ್ನು 0ರಿಂದ 5ರ ಅಂಕದಲ್ಲಿ ಅಳೆಯಿರಿ. ಒಂದು ಘಟಕದ 50 ಹಣ್ಣಿನಲ್ಲಿ 20ಕ್ಕೆ ಸೊನ್ನೆ, 12ಕ್ಕೆ ಒಂದು, 8ಕ್ಕೆ ಎರಡು, 5ಕ್ಕೆ ಮೂರು, 3ಕ್ಕೆ ನಾಲ್ಕು, 2ಕ್ಕೆ ಐದು ಅಂಕ ಬಂದರೆ ಮೊತ್ತ 65. ಗರಿಷ್ಠ ಅಂಕ 50 ಗುಣಿಸು 5, ಅಂದರೆ 250. ರೋಗ ಸೂಚ್ಯಂಕ ಶೇ. 26. ಅಂಕ ಹಾಕುವವರಿಗೆ ಯಾವ ಗಿಡಕ್ಕೆ ಏನು ಹೊಡೆದಿದೆ ಎಂಬುದು ಗೊತ್ತಿರಬಾರದು. ಮಳೆ ಬಿದ್ದ ದಿನ, ಮಿಲಿಮೀಟರ್ ಎರಡೂ ಬರೆದಿಡಿ. ಸಿಂಪಡಣೆಯಾದ ಆರು ಗಂಟೆಯೊಳಗೆ ಸುರಿದ ಮಳೆ ಫಲಿತಾಂಶವನ್ನೇ ತಿರುಗಿಸುತ್ತದೆ. ಕನಿಷ್ಠ ಎರಡು ಹಂಗಾಮು, ಎರಡು ಸ್ಥಳ.

ಬೋರ್ಡೊವನ್ನು ಥೈಮಾಲ್ ಸೋಲಿಸಲಿ ಎಂದು ಕಾಯಬೇಡಿ. ಸರದಿಯಲ್ಲಿ ಸೇರಿಸಿದಾಗ ತಾಮ್ರದ ಸಿಂಪಡಣೆ ಅರ್ಧಕ್ಕಿಳಿದು ಸೂಚ್ಯಂಕ ಅಷ್ಟೇ ಉಳಿದರೆ ಅದೇ ದೊಡ್ಡ ಗೆಲುವು. ಶುಂಠಿ, ಟೊಮೆಟೊಗಳ ದುಂಡಾಣು ಸೊರಗು ರೋಗವಾದರೆ ದಾರಿಯೇ ಬೇರೆ, ಅಲ್ಲಿ ಎಲೆಗಲ್ಲ ಮಣ್ಣಿಗೆ ಮದ್ದು. ಫ್ಲೋರಿಡಾದಲ್ಲಿ ಟೊಮೆಟೊ ನಾಟಿಗೆ ಮೊದಲು ಥೈಮಾಲನ್ನು ಮಣ್ಣಿಗೆ ಹಾಕಿ ಸೊರಗು ತಗ್ಗಿಸಿದ ಪ್ರಯೋಗಗಳಿವೆ.

ಮಾರುವ ಮುನ್ನ

ರೋಗ ತಡೆಯುತ್ತದೆ ಎಂದು ಹೇಳಿ ಮಾರುವ ಯಾವುದೇ ವಸ್ತು, ಎಲೆಯ ರಸವಾದರೂ, 1968ರ ಕೀಟನಾಶಕ ಕಾಯ್ದೆಯಡಿ ಬರುತ್ತದೆ. ಕೇಂದ್ರ ಕೀಟನಾಶಕ ಮಂಡಳಿಯ ನೋಂದಣಿ ಸಮಿತಿಯ ಅನುಮತಿ ಬೇಕು. ರಾಸಾಯನಿಕ ಗುಣ, ವಿಷತ್ವ, ಎರಡು ಹಂಗಾಮಿನ ಕ್ಷೇತ್ರ ಫಲಿತಾಂಶ, ಬಾಳಿಕೆ ಎಲ್ಲವನ್ನೂ ಕೇಳುತ್ತಾರೆ. 'ಟಾನಿಕ್' ಎಂದು ಚೀಟಿ ಅಂಟಿಸಿ ಜಾರಿಕೊಳ್ಳುವ ಬಾಗಿಲೂ ಮುಚ್ಚುತ್ತಿದೆ, ಜೈವಿಕ ಉತ್ತೇಜಕಗಳು 2021ರಿಂದ ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ಬಂದಿವೆ. ಕಾಡಿನ ಗಿಡ ಬಳಸುವುದಾದರೆ 2002ರ ಜೀವವೈವಿಧ್ಯ ಕಾಯ್ದೆ ಇದೆ, ಕರ್ನಾಟಕ ಜೀವವೈವಿಧ್ಯ ಮಂಡಳಿಯನ್ನು ಮೊದಲೇ ವಿಚಾರಿಸಿ. ಪೇಟೆಂಟಿನ ಆಸೆ ಇದ್ದವರು ಬೇವಿನ ಕಥೆ ನೆನೆಯಲಿ: ಯುರೋಪಿನ ಪೇಟೆಂಟ್ ಕಚೇರಿ ಬೇವಿನೆಣ್ಣೆಯ ಶಿಲೀಂಧ್ರನಾಶಕ ಪೇಟೆಂಟನ್ನು 2000ದಲ್ಲಿ ರದ್ದು ಮಾಡಿತು, 2005ರಲ್ಲಿ ಮೇಲ್ಮನವಿಯೂ ಬಿತ್ತು. ಅಜ್ಜಿಗೆ ಗೊತ್ತಿದ್ದ ಗುಣಕ್ಕೆ ಪೇಟೆಂಟ್ ಇಲ್ಲ. ಹೊಸ ಪಾಕಕ್ಕೆ, ಹೊಸ ವಿಧಾನಕ್ಕೆ ಸಿಗಬಹುದು.

ತಯಾರಿ ಶುರುವಾದ ಮೇಲೆ ಪ್ರತಿ ಸಲದ ಓಂಕಾಳಿನ ಎಣ್ಣೆಯಲ್ಲಿ ಥೈಮಾಲ್ ಎಷ್ಟಿದೆ ಎಂದು ಜಿಸಿಯಲ್ಲಿ ಅಳೆದೇ ಪಾಕಕ್ಕೆ ಹಾಕಿ. ಒಂದು ಸಲ ಶೇ. 38, ಇನ್ನೊಂದು ಸಲ ಶೇ. 55 ಬಂದರೆ ಎಣ್ಣೆಯ ತೂಕವನ್ನು ಅದಕ್ಕೆ ತಕ್ಕಂತೆ ಬದಲಿಸಬೇಕು, ಥೈಮಾಲ್‌ನ ತೂಕವನ್ನಲ್ಲ. ಪ್ರತಿ ತಯಾರಿಯಿಂದ 100 ಮಿ.ಲೀ. ಸೀಲು ಮಾಡಿ, ದಿನಾಂಕ ಬರೆದು, ಕಪಾಟಿನಲ್ಲಿ ಎರಡು ವರ್ಷ ಇಡಿ. ರೈತರೊಬ್ಬರು ಎಲೆ ಸುಟ್ಟಿತು ಎಂದು ಫೋನ್ ಮಾಡಿದ ದಿನ ಮೊದಲು ತೆರೆಯಬೇಕಾದದ್ದು ಆ ಸೀಸೆಯನ್ನು.